ಹಳೆ ಫೋನ್: ಬದಲಿಸುವುದೋ, ಇನ್ನೊಂದು ವರ್ಷ ತಳ್ಳುವುದೋ?

ಆಯುಧಪೂಜೆಗೆ ಇನ್ನೂ ಹದಿನೈದು ದಿನ ಇರುವಾಗಲೇ ಪತ್ರಿಕೆಗಳ ಮುಖಪುಟದಲ್ಲಿ ಮೊಬೈಲ್ ಜಾಹೀರಾತುಗಳ ಸುಗ್ಗಿ ಶುರುವಾಗುತ್ತದೆ. ಅದೇ ಹೊತ್ತಿಗೆ ಕೈಯಲ್ಲಿರುವ ಮೂರು ವರ್ಷದ ಫೋನು ಯಾಕೋ ನಿಧಾನ ಅನ್ನಿಸತೊಡಗುತ್ತದೆ. ಮಧ್ಯಾಹ್ನಕ್ಕೇ ಬ್ಯಾಟರಿ ಕೆಂಪಿಗೆ ಬರುತ್ತದೆ. ತರಕಾರಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಲು ಹೋದರೆ ಆ್ಯಪ್ ತೆರೆದುಕೊಳ್ಳುವಷ್ಟರಲ್ಲಿ ಹಿಂದೆ ನಾಲ್ಕು ಜನ ನಿಂತಿರುತ್ತಾರೆ. ಹೊಸದು ತಗೊಳ್ಳೋಣ ಎಂದರೆ ಇಪ್ಪತ್ತು ಸಾವಿರದ ಮಾತು. ಇದನ್ನೇ ತಳ್ಳೋಣ ಎಂದರೆ ದಿನವೂ ಕಿರಿಕಿರಿ.

ಫೋನಿಗೆ ಎಷ್ಟು ವರ್ಷವಾಯಿತು ಎಂದು ನೋಡಿ ಇದನ್ನು ತೀರ್ಮಾನಿಸಲಾಗದು. ನಾಲ್ಕು ವರ್ಷವಾದರೂ ಚೆನ್ನಾಗಿ ನಡೆಯುವ ಫೋನುಗಳಿವೆ, ಎರಡೇ ವರ್ಷಕ್ಕೆ ಬಿಡಬೇಕಾದವೂ ಇವೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರು: ತೊಂದರೆ ಎಲ್ಲಿದೆ? ಅದು ದುಡ್ಡು ಕೊಟ್ಟರೆ ಸರಿಹೋಗುವಂಥದ್ದೇ? ಸರಿಪಡಿಸಿದರೆ ತಿಂಗಳಿಗೆ ಎಷ್ಟು ಬಿತ್ತು? ಈ ಮೂರಕ್ಕೆ ಉತ್ತರ ಸಿಕ್ಕರೆ ಬದಲಿಸಬೇಕೋ ಬೇಡವೋ ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಬ್ಯಾಟರಿ ನೋಡಿ

ಫೋನು ಹಳೆಯದಾಯಿತು ಎಂಬ ದೂರುಗಳಲ್ಲಿ ದೊಡ್ಡ ಪಾಲು ಬ್ಯಾಟರಿಯದ್ದು. ಲಿಥಿಯಂ-ಅಯಾನ್ ಬ್ಯಾಟರಿಯ ಶಕ್ತಿ ಪ್ರತಿ ಚಾರ್ಜಿಗೂ ಒಂದಿಷ್ಟು ಕುಗ್ಗುತ್ತಾ ಹೋಗುತ್ತದೆ. ಇದನ್ನು ಸೈಕಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಇವತ್ತು ಅರ್ಧ, ನಾಳೆ ಅರ್ಧ ಖರ್ಚಾದರೆ ಒಂದು ಸೈಕಲ್. ಆಪಲ್ ಕಂಪನಿಯೇ ಹೇಳುವ ಪ್ರಕಾರ ಐಫೋನ್ 14 ಮತ್ತು ಅದಕ್ಕೂ ಹಿಂದಿನ ಮಾದರಿಗಳ ಬ್ಯಾಟರಿ 500 ಸೈಕಲ್ ಮುಗಿದಾಗ ಮೂಲ ಸಾಮರ್ಥ್ಯದ ಶೇ 80ರಷ್ಟು ಉಳಿಸಿಕೊಳ್ಳುವಂತೆ ರೂಪಿಸಿದ್ದು. ಐಫೋನ್ 15ರಿಂದ ಈಚೆಗೆ ಅದು 1,000 ಸೈಕಲ್. ದಿನಕ್ಕೊಂದು ಸೈಕಲ್ ಮುಗಿಸುವವರಿಗೆ 500 ಎಂದರೆ ಹದಿನಾರು ತಿಂಗಳು, ಅಷ್ಟೇ.

ಬ್ಯಾಟರಿ ಸೋತರೆ ಚಾರ್ಜ್ ಬೇಗ ಇಳಿಯುವುದಷ್ಟೇ ಅಲ್ಲ, ಫೋನಿನ ವೇಗವೂ ತಗ್ಗಬಹುದು. ಸವೆದ ಬ್ಯಾಟರಿಯಿಂದ ಫೋನು ಇದ್ದಕ್ಕಿದ್ದಂತೆ ಆಫ್ ಆಗುವುದನ್ನು ತಪ್ಪಿಸಲು ಕೆಲವು ಹಳೆ ಐಫೋನ್‌ಗಳ ವೇಗವನ್ನು ತಾನೇ ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು, ಗ್ರಾಹಕರ ಕ್ಷಮೆ ಕೇಳಿತು, ಬ್ಯಾಟರಿ ಬದಲಾವಣೆಯ ದರವನ್ನೂ ಇಳಿಸಿತು. ಫೋನು ಮುದಿಯಾಯಿತೆಂದು ಹೊಸದಕ್ಕೆ ಮನಸ್ಸು ಮಾಡಿದ್ದ ಎಷ್ಟೋ ಜನರಿಗೆ ಬರೀ ಬ್ಯಾಟರಿ ಹಾಕಿಸಿದರೆ ಸಾಕಿತ್ತು.

ಐಫೋನ್ ಇದ್ದವರು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ವಿಭಾಗಕ್ಕೆ ಹೋಗಿ ಬ್ಯಾಟರಿ ಹೆಲ್ತ್ ನೋಡಿ. ಶೇ 80ಕ್ಕಿಂತ ಕೆಳಗಿಳಿದಿದ್ದರೆ ಬದಲಿಸುವ ಹೊತ್ತು ಬಂದಿದೆ. ಸ್ಯಾಮ್‌ಸಂಗ್‌ನಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್‌ನ ಡಯಾಗ್ನಾಸ್ಟಿಕ್ಸ್‌ನಲ್ಲಿ ಬ್ಯಾಟರಿಯ ಸ್ಥಿತಿ ಗೊತ್ತಾಗುತ್ತದೆ. ಈ ಸೌಲಭ್ಯ ಇಲ್ಲದ ಫೋನುಗಳಲ್ಲಿ ಲಕ್ಷಣ ನೋಡಿಯೇ ತಿಳಿಯಬೇಕು: ಶೇ 30 ಇದ್ದದ್ದು ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗುವುದು, ಚಾರ್ಜರ್‌ನಿಂದ ತೆಗೆದ ಹತ್ತು ನಿಮಿಷಕ್ಕೇ ಹದಿನೈದು ಅಂಕಿ ಇಳಿಯುವುದು. ಹಿಂಬದಿಯ ಕವಚ ಉಬ್ಬಿದ್ದರೆ ಅಥವಾ ಪರದೆಯ ಅಂಚು ಮೇಲೆದ್ದಿದ್ದರೆ ಯೋಚನೆಗೆ ಎಡೆಯೇ ಇಲ್ಲ. ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ಆಹ್ವಾನ.

ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನಿಗೆ ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಬ್ಯಾಟರಿ ಹಾಕಿಸಿದರೂ ಸಾಮಾನ್ಯವಾಗಿ ಒಂದೆರಡು ಸಾವಿರದಲ್ಲಿ ಮುಗಿಯುತ್ತದೆ. ಅದಾದ ಮೇಲೆ ಅದು ಬೇಗ ಸವೆಯದಂತೆ ನೋಡಿಕೊಳ್ಳಿ. ಬ್ಯಾಟರಿಯ ಮೊದಲ ಶತ್ರು ಬಿಸಿ. ಏಪ್ರಿಲ್ ಬಿಸಿಲಲ್ಲಿ ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ, ಮ್ಯಾಪ್ ಹಾಕಿಕೊಂಡು, ಜೊತೆಗೆ ಚಾರ್ಜೂ ಮಾಡುತ್ತಾ ದಿನವಿಡೀ ಓಡಾಡುವ ಡೆಲಿವರಿ ಹುಡುಗರ ಫೋನಿನ ಬ್ಯಾಟರಿ ಬೇಗ ಕೈಕೊಡುವುದು ಇದೇ ಕಾರಣಕ್ಕೆ. ಚಾರ್ಜ್ ಶೇ 80ಕ್ಕೆ ನಿಲ್ಲುವ ಸೌಲಭ್ಯ ನಿಮ್ಮ ಫೋನಿನಲ್ಲಿದ್ದರೆ ಆನ್ ಮಾಡಿಡಿ.

ಜಾಗ ತುಂಬಿದೆಯೇ?

ನಿಧಾನಕ್ಕೆ ಎರಡನೆಯ ಕಾರಣ ಸ್ಟೋರೇಜ್. 64 ಜಿಬಿ ಫೋನಿನಲ್ಲಿ 62 ಜಿಬಿ ತುಂಬಿದ್ದರೆ ಎಂಥ ಪ್ರೊಸೆಸರ್ ಇದ್ದರೂ ತಡವರಿಸುತ್ತದೆ. ಬರೆಯಲು ಖಾಲಿ ಜಾಗ ಸಿಗದೆ ಮೆಮೊರಿಯೇ ಒದ್ದಾಡುತ್ತದೆ. ಹತ್ತರಲ್ಲೊಂದು ಪಾಲಾದರೂ ಖಾಲಿ ಇರಲಿ.

ನಮ್ಮ ಮನೆಗಳಲ್ಲಿ ಫೋನ್ ತುಂಬುವುದು ಹೆಚ್ಚಾಗಿ ವಾಟ್ಸ್‌ಆ್ಯಪ್‌ನಿಂದ. ದಿನ ಬೆಳಗಾದರೆ ಬರುವ ಶುಭೋದಯದ ಗುಲಾಬಿ, ಮದುವೆ ಮನೆಯ ಐವತ್ತು ಫೋಟೊ, ಒಂದೇ ವಿಡಿಯೊ ನಾಲ್ಕು ಗುಂಪಿನಲ್ಲಿ ನಾಲ್ಕು ಸಲ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ 'ಸ್ಟೋರೇಜ್ ಆ್ಯಂಡ್ ಡೇಟಾ'ದಲ್ಲಿ 'ಮ್ಯಾನೇಜ್ ಸ್ಟೋರೇಜ್' ಒತ್ತಿದರೆ ಯಾವ ಗುಂಪು ಎಷ್ಟು ಜಾಗ ತಿಂದಿದೆ ಎಂಬ ಪಟ್ಟಿ ಬರುತ್ತದೆ. 5 ಎಂಬಿಗಿಂತ ದೊಡ್ಡ ಫೈಲುಗಳನ್ನು ಮಾತ್ರ ಆರಿಸಿ ಅಳಿಸಿದರೂ ಹಲವು ಜಿಬಿ ತೆರವಾಗುವುದುಂಟು. ಆಟೊ ಡೌನ್‌ಲೋಡ್ ನಿಲ್ಲಿಸಿ, ಬಳಸದ ಆ್ಯಪ್ ತೆಗೆದುಹಾಕಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಇಷ್ಟಾದ ಮೇಲೂ ಎಡವುತ್ತಿದ್ದರೆ ಎಲ್ಲವನ್ನೂ ಬ್ಯಾಕಪ್ ಮಾಡಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ. ಹೊಸ ಫೋನಿಗೆ ಮುನ್ನ ಮಾಡಬೇಕಾದ ಖರ್ಚಿಲ್ಲದ ಕೊನೆಯ ಪ್ರಯತ್ನ ಅದು.

ರಿಪೇರಿ ಅಂಗಡಿಯ ಮುಂದೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ, ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಾಗಲಿ ಅರ್ಧ ಗಂಟೆ ನಿಂತರೆ ಒಂದು ದೃಶ್ಯ ಕಾಣಸಿಗುತ್ತದೆ. "ಚಾರ್ಜೇ ಆಗ್ತಿಲ್ಲ ಕಣಣ್ಣ, ಹೊಸದೇ ತಗೋಬೇಕೇನೋ" ಎನ್ನುತ್ತಾ ಒಬ್ಬರು ಫೋನ್ ಮುಂದಿಡುತ್ತಾರೆ. ಅಂಗಡಿಯಾತ ಚಾರ್ಜಿಂಗ್ ಪಿನ್ನಿನ ಬಾಯಿಗೆ ಟಾರ್ಚ್ ಹಿಡಿದು, ಸಣ್ಣ ಚಿಮಟದಲ್ಲಿ ಮೆಲ್ಲಗೆ ಕೆದಕುತ್ತಾನೆ. ಜೇಬಿನ ನೂಲು, ಧೂಳು, ಬೀಡಿ ಪುಡಿ ಎಲ್ಲ ಒತ್ತಿಕೊಂಡು ಗಟ್ಟಿಯಾದ ಕಪ್ಪು ಚೂರೊಂದು ಈಚೆ ಬರುತ್ತದೆ. ಕೇಬಲ್ ಚುಚ್ಚಿದರೆ ಚಾರ್ಜ್ ಶುರು. "ಇಷ್ಟೇ ನೋಡಿ ಇದ್ದದ್ದು!"

ಪಿನ್ ಸಡಿಲಾಗಿದ್ದರೆ, ಸ್ಪೀಕರ್ ಗೊರಗುಟ್ಟಿದರೆ, ಮೈಕ್ ಕೇಳದಿದ್ದರೆ, ಬಟನ್ ಅಂಟಿಕೊಂಡಿದ್ದರೆ ಅವೆಲ್ಲ ಚಿಕ್ಕ ರಿಪೇರಿಗಳು. ಅದಕ್ಕಾಗಿ ಫೋನ್ ಬದಲಿಸುವುದು ದುಡ್ಡು ದಂಡ. ಡಿಸ್‌ಪ್ಲೇ ವಿಷಯ ಬೇರೆ. ಅಮೋಲೆಡ್ ಪರದೆಯ ಬೆಲೆ ಫೋನಿನ ಬೆಲೆಯ ಮೂರನೇ ಒಂದು ಭಾಗವನ್ನೂ ದಾಟುವುದುಂಟು. ಹಳೆ ಫೋನಿಗೆ ಅಷ್ಟು ಸುರಿದರೆ ಮೂಗಿಗಿಂತ ಮೂಗುತಿ ಭಾರ. ಆದರೆ ಪರದೆಯ ಮೇಲೆ ಉದ್ದಕ್ಕೂ ಹಸಿರು ಗೆರೆ ಬಂದಿದ್ದರೆ ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಕೆಲವು ಕಂಪನಿಗಳು ಕೆಲವು ಮಾದರಿಗಳಿಗೆ ವಾರಂಟಿ ಮುಗಿದ ಮೇಲೂ ಉಚಿತವಾಗಿ ಡಿಸ್‌ಪ್ಲೇ ಬದಲಿಸಿಕೊಟ್ಟಿವೆ. ಮದರ್‌ಬೋರ್ಡ್ ಹೋಗಿದ್ದರೆ ಮಾತ್ರ ಸಾಮಾನ್ಯವಾಗಿ ಕೈಬಿಡುವುದೇ ಲೇಸು.

ರಿಪೇರಿಗೆ ಕೊಡುವ ಮುನ್ನ ಮೂರು ವಿಷಯ ಖಚಿತ ಮಾಡಿಕೊಳ್ಳಿ: ಹಾಕುವ ಭಾಗ ಒರಿಜಿನಲ್ಲೋ ಕಾಪಿಯೋ, ಅದಕ್ಕೆ ಎಷ್ಟು ತಿಂಗಳ ವಾರಂಟಿ, ಬಿಲ್ ಕೊಡುತ್ತಾರೋ ಇಲ್ಲವೋ. ಒಮ್ಮೆ ಬಿಚ್ಚಿದ ಫೋನಿಗೆ ನೀರು ತಡೆಯುವ ಗುಣ ಮೊದಲಿನಂತೆ ಇರುತ್ತದೆಂದು ನಂಬಬೇಡಿ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಆರಂಭಿಸಿದ 'ರೈಟ್ ಟು ರಿಪೇರ್' ಪೋರ್ಟಲ್‌ನಲ್ಲಿ ಕಂಪನಿಗಳ ರಿಪೇರಿ, ವಾರಂಟಿ ಮಾಹಿತಿ ಒಂದೆಡೆ ಸಿಗುತ್ತದೆ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ದುಡ್ಡು ಕೊಟ್ಟರೂ ಸರಿಹೋಗದ್ದು

ಇಲ್ಲಿಯವರೆಗೆ ಹೇಳಿದ್ದೆಲ್ಲ ರಿಪೇರಿ ಆಗುವಂಥದ್ದು. ಯಾವ ಅಂಗಡಿಯಾತನೂ ಸರಿಮಾಡಲಾಗದ ತೊಂದರೆ ಒಂದಿದೆ: ಕಂಪನಿ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿಬಿಡುವುದು. ಕಣ್ಣಿಗೆ ಕಾಣದ ಕಾರಣ ಇದನ್ನು ಯಾರೂ ಗಮನಿಸುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಹೊಸ ಹೊಸ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ, ಅವುಗಳನ್ನು ಮುಚ್ಚುವ ತೇಪೆಗಳು ಅಪ್‌ಡೇಟ್ ರೂಪದಲ್ಲಿ ಬರುತ್ತವೆ. ತೇಪೆ ಬರುವುದು ನಿಂತ ಫೋನಿನಲ್ಲಿ ಆ ದೋಷಗಳು ಹಾಗೆಯೇ ಉಳಿಯುತ್ತವೆ.

ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ತೆರೆದು ಆಂಡ್ರಾಯ್ಡ್ ಆವೃತ್ತಿ ಮತ್ತು ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕ ನೋಡಿ. ಮೂರ್ನಾಲ್ಕು ತಿಂಗಳೊಳಗಿನ ದಿನಾಂಕವಿದ್ದರೆ ಚಿಂತೆಯಿಲ್ಲ. ವರ್ಷ ದಾಟಿದ್ದು, ಹೊಸ ಅಪ್‌ಡೇಟ್ ಹುಡುಕಿದರೂ ಏನೂ ಬರದಿದ್ದರೆ ಕಂಪನಿ ನಿಮ್ಮ ಫೋನನ್ನು ಕೈಬಿಟ್ಟಿದೆ ಎಂದೇ ತಿಳಿಯಿರಿ. ಹಾಗೆಂದು ನಾಳೆಯೇ ಖಾತೆ ಖಾಲಿಯಾಗುತ್ತದೆ ಎಂದಲ್ಲ. ಆ್ಯಪ್‌ಗಳು ಪ್ಲೇ ಸ್ಟೋರಿನಿಂದ ಇನ್ನೂ ಕೆಲಕಾಲ ಅಪ್‌ಡೇಟ್ ಆಗುತ್ತವೆ. ಆದರೆ ಹಣದ ವ್ಯವಹಾರ ನಡೆಸುವ ಫೋನು ಅದಾಗಿದ್ದರೆ ಬದಲಿಸುವ ದಿನ ಗೊತ್ತುಮಾಡಿಕೊಳ್ಳಿ.

ಮುಂದಿನ ಹಂತದಲ್ಲಿ ಆ್ಯಪ್‌ಗಳೂ ಕೈಬಿಡುತ್ತವೆ. 2025ರ ಜನವರಿಯಿಂದ ವಾಟ್ಸ್‌ಆ್ಯಪ್ ಆಂಡ್ರಾಯ್ಡ್ 4.4 ಇರುವ ಫೋನುಗಳಲ್ಲಿ ನಡೆಯುತ್ತಿಲ್ಲ. ಅದೇ ವರ್ಷದ ಮೇ ತಿಂಗಳಿಂದ ಐಒಎಸ್ 15.1ಕ್ಕಿಂತ ಹಿಂದಿನ ಆವೃತ್ತಿ ಇರುವ ಐಫೋನ್‌ಗಳಲ್ಲೂ ಇಲ್ಲ. ಐಫೋನ್ 5ಎಸ್, 6 ಮತ್ತು 6 ಪ್ಲಸ್ ಹೀಗೆ ಹೊರಗುಳಿದವು. 2025ರ ಆಗಸ್ಟ್ ನಂತರದ ಕ್ರೋಮ್ ಆವೃತ್ತಿಗಳಿಗೆ ಆಂಡ್ರಾಯ್ಡ್ 10 ಅಥವಾ ಮೇಲಿನದು ಬೇಕು. ಬ್ಯಾಂಕಿನ ಆ್ಯಪ್ 'ನಿಮ್ಮ ಫೋನಿಗೆ ಹೊಂದುವುದಿಲ್ಲ' ಎಂದರೆ ತಳ್ಳುವ ಅವಧಿ ಮುಗಿದಂತೆಯೇ.

ಮನೆಯೊಳಗೆ ಕೈ ಬದಲಿಸುವ ಫೋನು

ನಮ್ಮಲ್ಲಿ ಹಳೆ ಫೋನು ಮನೆಯಿಂದ ಆಚೆ ಹೋಗುವುದು ಕಡಿಮೆ. ಮಗ ಹೊಸದು ತಂದರೆ ಅವನದ್ದು ಅಮ್ಮನಿಗೆ, ಅಮ್ಮನದ್ದು ಅಜ್ಜನಿಗೆ ಅಥವಾ ಮಕ್ಕಳಿಗೆ. ಉಳಿತಾಯವೇನೋ ಸರಿ. ಆದರೆ ಮನೆಯಲ್ಲೇ ಅತಿ ಹಳೆಯ ಸಾಫ್ಟ್‌ವೇರ್ ಇರುವ ಫೋನು ಕೊನೆಗೆ ಪಿಂಚಣಿ ಖಾತೆ ಇರುವ ಹಿರಿಯರ ಕೈ ಸೇರುತ್ತದೆ. ಕೆವೈಸಿ ಅಪ್‌ಡೇಟ್ ಎಂದು ಫೋನ್ ಮಾಡುವ, ಆಮಂತ್ರಣ ಪತ್ರಿಕೆಯೆಂದು ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಆಗಿ ಕೂರುವ ಫೈಲ್) ಕಳಿಸುವ ವಂಚಕರು ಹುಡುಕುವುದೂ ಅವರನ್ನೇ.

ಆದ್ದರಿಂದ ಫೋನ್ ಕೊಡುವ ಮುನ್ನ ಅಪ್‌ಡೇಟ್ ದಿನಾಂಕ ನೋಡಿ. ಅಪ್‌ಡೇಟ್ ನಿಂತಿದ್ದರೆ ಅದು ಹಾಡು, ಭಜನೆ, ಯೂಟ್ಯೂಬ್, ವಿಡಿಯೊ ಕಾಲ್‌ಗೆ ಇರಲಿ. ಬ್ಯಾಂಕ್ ಆ್ಯಪ್ ಬೇಡ. ಯುಪಿಐ ಬೇಕೇಬೇಕು ಎಂದರೆ ಎರಡು-ಮೂರು ಸಾವಿರವಷ್ಟೇ ಇಟ್ಟಿರುವ ಬೇರೆ ಖಾತೆಯನ್ನು ಜೋಡಿಸಿ, ಪಿಂಚಣಿ ಖಾತೆಯನ್ನಲ್ಲ.

ಹಿರಿಯರ ವಿಷಯದಲ್ಲಿ ಇನ್ನೊಂದು ಮಾತು. ಅಕ್ಷರದ ಗಾತ್ರ, ಐಕಾನ್ ಇರುವ ಜಾಗ, ಕನ್ನಡ ಕೀಬೋರ್ಡ್ ಎಲ್ಲಕ್ಕೂ ಅವರ ಕೈ ಪಳಗಿರುತ್ತದೆ. ಹೊಸ ಫೋನ್ ತರುವುದಾದರೆ ಅದೇ ಕಂಪನಿಯದನ್ನೇ ತಂದರೆ ಹೊಸದಾಗಿ ಕಲಿಯುವ ಗೋಳು ಅರ್ಧ ತಪ್ಪುತ್ತದೆ.

5ಜಿ ಇಲ್ಲವೆಂದು ಬದಲಿಸಬೇಕೇ?

ಭಾರತದಲ್ಲಿ 5ಜಿ ಬಂದದ್ದು 2022ರ ಅಕ್ಟೋಬರ್ 1ರಂದು. ಕರೆ, ವಾಟ್ಸ್‌ಆ್ಯಪ್, ಯುಪಿಐ, ವಿಡಿಯೊ ನೋಡುವುದಕ್ಕೆ 4ಜಿ ಇಂದಿಗೂ ಸಾಕು. ಮನೆಯಲ್ಲಿ ವೈ-ಫೈ ಇಲ್ಲದೆ ಫೋನಿನ ಹಾಟ್‌ಸ್ಪಾಟ್‌ನಲ್ಲೇ ಲ್ಯಾಪ್‌ಟಾಪ್ ನಡೆಸುವವರಿಗೆ ಕೆಲವು ಪ್ಲಾನ್‌ಗಳಲ್ಲಿ ಸಿಗುವ 5ಜಿಯ ಅನಿಯಮಿತ ಡೇಟಾ ನಿಜವಾದ ಲಾಭ. ಉಳಿದವರಿಗೆ ಅದೊಂದೇ ಕಾರಣ ಸಾಲದು.

ಮಲೆನಾಡಿನ ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ನಂಬಿದವರದು ಬೇರೆ ಲೆಕ್ಕ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರಿನಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು. ಅದು ಮುಖ್ಯವಾಗಿ 700 ಮತ್ತು 2100 ಮೆಗಾಹರ್ಟ್ಸ್ ತರಂಗಗಳಲ್ಲಿ ಬರುತ್ತದೆ. 700 ಮೆಗಾಹರ್ಟ್ಸ್ ತರಂಗ ದೂರಕ್ಕೆ, ಗೋಡೆಯೊಳಕ್ಕೂ ಚೆನ್ನಾಗಿ ತಲುಪುತ್ತದೆ. ಅದನ್ನು ಹಿಡಿಯಲು ಫೋನಿನಲ್ಲಿ ಬ್ಯಾಂಡ್ 28 ಇರಬೇಕು. ಪಕ್ಕದ ಮನೆಯವರಿಗೆ 4ಜಿ ಸಿಕ್ಕು ನಿಮಗೆ ಸಿಗದಿದ್ದರೆ ಮೊದಲು ಸಿಮ್ ಬದಲಿಸಿ ನೋಡಿ. ಆಗಲೂ ಬರದಿದ್ದರೆ ಫೋನಿನ ವಿವರಗಳಲ್ಲಿ ಬ್ಯಾಂಡ್ 28 ಇದೆಯೇ ನೋಡಿ. ಅದಿಲ್ಲದಿದ್ದರೆ ಬದಲಿಸಲು ಅದು ನ್ಯಾಯವಾದ ಕಾರಣವೇ.

ತಿಂಗಳ ಲೆಕ್ಕ ಹಾಕಿ

ಬೆಲೆಯನ್ನು ಬಳಸುವ ತಿಂಗಳುಗಳಿಂದ ಭಾಗಿಸಿ. 20,000 ರೂಪಾಯಿಯ ಫೋನನ್ನು ಎರಡು ವರ್ಷಕ್ಕೆ ಬದಲಿಸಿದರೆ ತಿಂಗಳಿಗೆ ಸುಮಾರು 833 ರೂಪಾಯಿ. ನಾಲ್ಕು ವರ್ಷ ಬಳಸಿದರೆ 417. ನಡುವೆ 2,000 ಕೊಟ್ಟು ಬ್ಯಾಟರಿ ಹಾಕಿಸಿ ಐದು ವರ್ಷ ತಳ್ಳಿದರೆ 367.

ರಿಪೇರಿಗೂ ಇದೇ ಲೆಕ್ಕ. 2,000 ರೂಪಾಯಿಯ ಬ್ಯಾಟರಿಯಿಂದ ಇನ್ನು ಹದಿನೆಂಟು ತಿಂಗಳು ನಡೆಯುತ್ತದೆ ಎಂದರೆ ತಿಂಗಳಿಗೆ 111 ರೂಪಾಯಿ. ಕಣ್ಣುಮುಚ್ಚಿ ಹಾಕಿಸಿ. 6,000 ರೂಪಾಯಿಯ ಡಿಸ್‌ಪ್ಲೇ ಹಾಕಿಸಬೇಕು, ಆದರೆ ಭದ್ರತಾ ಅಪ್‌ಡೇಟ್ ಇನ್ನು ಹತ್ತೇ ತಿಂಗಳು ಬರುತ್ತದೆ ಎಂದರೆ ತಿಂಗಳಿಗೆ 600 ಬಿತ್ತು. 18,000 ರೂಪಾಯಿಯ ಹೊಸ ಫೋನನ್ನು ನಾಲ್ಕು ವರ್ಷ ಬಳಸಿದರೆ ತಿಂಗಳಿಗೆ 375. ಇಲ್ಲಿ ಹೊಸದೇ ಅಗ್ಗ. ಎಷ್ಟು ತಿಂಗಳು ಎಂಬುದನ್ನು ಮನಸ್ಸಿನ ಅಂದಾಜಿಗೆ ಬಿಡದೆ, ಅಪ್‌ಡೇಟ್ ಎಲ್ಲಿಯವರೆಗೆ ಬರುತ್ತದೆ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿ ಹಾಕಿಕೊಳ್ಳಿ.

ಕಾಯುವುದಾದರೆ, ಕೊಳ್ಳುವುದಾದರೆ

ಕಾದರೆ ಬೆಲೆ ಇಳಿದೇ ಇಳಿಯುತ್ತದೆ ಎಂಬುದು ಈಗ ಪೂರ್ತಿ ನಿಜವಲ್ಲ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ಹೊತ್ತಿಗೆ ಮೆಮೊರಿ ಚಿಪ್‌ಗಳ ಬೆಲೆ ಜಿಗಿದು, ಅದರ ಬಿಸಿ ಫೋನುಗಳಿಗೂ ತಟ್ಟಿದೆ. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಕಡಿತದಲ್ಲಿ ಎ.ಸಿ., ದೊಡ್ಡ ಟಿ.ವಿ.ಗಳ ತೆರಿಗೆ ಇಳಿದರೂ ಮೊಬೈಲ್ ಫೋನಿನದು ಶೇ 18ರಲ್ಲೇ ಉಳಿಯಿತು. ಹಾಗಾಗಿ ಫೋನು ನಿಜಕ್ಕೂ ಕೈಕೊಟ್ಟಿದ್ದರೆ ಆರು ತಿಂಗಳು ಒದ್ದಾಡುತ್ತಾ ಕಾಯುವುದರಲ್ಲಿ ಅರ್ಥವಿಲ್ಲ. ನಡೆಯುತ್ತಿದ್ದರೆ ಕಾಯಲು ಒಳ್ಳೆಯ ಕಾಲಗಳಿವೆ: ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಮಾರಾಟಗಳು, ದಸರಾ-ದೀಪಾವಳಿ. ಐಫೋನ್ ಬೇಕೆನ್ನುವವರು ಸೆಪ್ಟೆಂಬರ್ ನೋಡಿಕೊಳ್ಳಿ. ಹೊಸ ಮಾದರಿ ಬಂದ ಕೂಡಲೇ ಹಿಂದಿನ ವರ್ಷದ್ದು ಸಾಮಾನ್ಯವಾಗಿ ಇಳಿಯುತ್ತದೆ.

ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಮೊದಲು ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ. ಗೂಗಲ್ ಪಿಕ್ಸೆಲ್ 8 ಮತ್ತು ಸ್ಯಾಮ್‌ಸಂಗ್ ಎಸ್24ಕ್ಕೆ ಏಳು ವರ್ಷದ ಭರವಸೆ ಇದೆ. ದುಬಾರಿ ಫೋನಿಗೆ ಮಾತ್ರ ಈ ಭಾಗ್ಯ ಎಂದೇನಿಲ್ಲ. ಇಪ್ಪತ್ತು ಸಾವಿರದೊಳಗೆ ಬಿಡುಗಡೆಯಾದ ಸ್ಯಾಮ್‌ಸಂಗ್ ಎ16 5ಜಿಗೂ ಆರು ವರ್ಷ ಎಂದು ಕಂಪನಿ ಹೇಳಿದೆ. ಈ ವರ್ಷಗಳನ್ನು ಎಣಿಸುವುದು ಫೋನು ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಮೂರು ವರ್ಷದ ಅಪ್‌ಡೇಟ್ ಇರುವ 2022ರ ಮಾದರಿಯನ್ನು 2024ರ ಆಫರ್‌ನಲ್ಲಿ ಕೊಂಡವರಿಗೆ ಸಿಕ್ಕಿದ್ದು ಒಂದೇ ವರ್ಷ. 'ಭಾರಿ ರಿಯಾಯಿತಿ'ಯ ಗುಟ್ಟು ಎಷ್ಟೋ ಸಲ ಇದೇ.

'ನೋ ಕಾಸ್ಟ್ ಇಎಂಐ'ನಲ್ಲೂ ಪ್ರೊಸೆಸಿಂಗ್ ಶುಲ್ಕ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಬಹುದು. ಒಟ್ಟು ಮೊತ್ತ ಕೇಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ *#06# ಒತ್ತಿ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಪರೀಕ್ಷಿಸಿ. ಇಲ್ಲವೇ ಇಂಗ್ಲಿಷ್‌ನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕಳವಿನ ಫೋನೆಂದು ಕಪ್ಪುಪಟ್ಟಿಗೆ ಸೇರಿದ್ದರೆ ಗೊತ್ತಾಗುತ್ತದೆ. ಬಿಲ್ಲಿಲ್ಲದ ಫೋನ್ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಹಳೆಯದನ್ನು ಕೊಡುವ ಮುನ್ನ

ಫೋಟೊ, ಸಂಪರ್ಕ ಸಂಖ್ಯೆ, ವಾಟ್ಸ್‌ಆ್ಯಪ್ ಚಾಟ್ ಬ್ಯಾಕಪ್ ಮಾಡಿ. ಹೊಸ ಫೋನಿನಲ್ಲಿ ಯುಪಿಐ, ಬ್ಯಾಂಕ್ ಆ್ಯಪ್‌ಗಳು ನಡೆಯುತ್ತಿವೆಯೇ ಎಂದು ಖಾತ್ರಿಯಾದ ಮೇಲೆ ಹಳೆಯದರಿಂದ ಗೂಗಲ್ ಖಾತೆ ಸೈನ್ ಔಟ್ ಮಾಡಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಈ ಕ್ರಮ ತಪ್ಪಿದರೆ ಮುಂದೆ ಬಳಸುವವರಿಗೆ ಫೋನು ಲಾಕ್ ಆಗಬಹುದು. ಸಿಮ್, ಮೆಮೊರಿ ಕಾರ್ಡ್ ತೆಗೆಯಲು ಮರೆಯಬೇಡಿ.

ಹಳೆ ಮೊಬೈಲ್ ಕೊಟ್ಟರೆ ಪ್ಲಾಸ್ಟಿಕ್ ಬಕೆಟ್ ಕೊಡುತ್ತೇವೆ ಎಂದು ಬೀದಿಯಲ್ಲಿ ಕೂಗಿಕೊಂಡು ಬರುವವರಿಗೆ ಮಾತ್ರ ಕೊಡಬೇಡಿ. 2024ರಲ್ಲಿ ತೆಲಂಗಾಣದ ರಾಮಗುಂಡಂನಲ್ಲಿ ಹೀಗೆ ಸಂಗ್ರಹಿಸಿದ ಸಾವಿರಾರು ಫೋನುಗಳ ಸಮೇತ ಕೆಲವರನ್ನು ಪೊಲೀಸರು ಹಿಡಿದರು. ಅವು ಸೈಬರ್ ವಂಚಕರ ಕೈಗೆ ಹೋಗುತ್ತಿದ್ದವು ಎಂಬುದು ಪೊಲೀಸರ ಆರೋಪ. ಪೂರ್ತಿ ಸತ್ತ ಫೋನನ್ನು ಕಸದ ಬುಟ್ಟಿಗೂ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದರ ಮರುಬಳಕೆಯ ಹೊಣೆ ತಯಾರಕರದು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ, ಇಲ್ಲವೇ ಅಧಿಕೃತ ಮರುಬಳಕೆದಾರರಿಗೆ ಮುಟ್ಟಿಸಿ. ದೇಶದಲ್ಲಿ ಸರ್ಕಾರದ ಅನುಮತಿ ಪಡೆದ ಮೊದಲ ಇ-ತ್ಯಾಜ್ಯ ಘಟಕವಾದ ಇ-ಪರಿಸರ ಇರುವುದು ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲೇ.

ಒಟ್ಟಿನಲ್ಲಿ

ಬ್ಯಾಟರಿ, ಸ್ಟೋರೇಜ್, ಚಾರ್ಜಿಂಗ್ ಪಿನ್, ಸ್ಪೀಕರ್ ಇಷ್ಟರಲ್ಲೇ ತೊಂದರೆ ಇದ್ದು ಅಪ್‌ಡೇಟ್ ಇನ್ನೂ ಬರುತ್ತಿದ್ದರೆ ರಿಪೇರಿ ಮಾಡಿಸಿ, ಕಾಯಿರಿ. ಅಪ್‌ಡೇಟ್ ನಿಂತಿದ್ದು ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕ್ ವ್ಯವಹಾರವೂ ಇದ್ದರೆ, ಫೋನು ನೋಡಲು ಹೊಸದರಂತಿದ್ದರೂ ಬದಲಿಸಿ. ಡಿಸ್‌ಪ್ಲೇ ಹೋಗಿದ್ದರೆ ತಿಂಗಳ ಲೆಕ್ಕ ಹಾಕಿ ನಿರ್ಧರಿಸಿ. ಪಕ್ಕದವರು ಹೊಸದು ತಂದರು ಎಂಬುದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇವತ್ತೇ ಎರಡು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಫೋನಿನ ಭದ್ರತಾ ಅಪ್‌ಡೇಟ್ ದಿನಾಂಕ ನೋಡಿ. ಮನೆಯಲ್ಲಿ ಅಪ್ಪ, ಅಮ್ಮ ಬಳಸುವ ಫೋನಿನದ್ದನ್ನೂ ತಪ್ಪದೆ ನೋಡಿ.